ತನ್ನದೇ ಕೈಬರಹದ ಸಾಕ್ಷಿ

ಹುದ್ದೆ ಏರುತ್ತಾ ಹೋದಂತೆ ಮೊದಲು ನಿಂತುಹೋಗುವುದು ಬೈಗುಳ. ಕೆಳಗಿನ ಹಂತದಲ್ಲಿದ್ದಾಗ ಒಂದು ಕೆಲಸ ಕೆಡಿಸಿದರೆ ಸಂಜೆಯೊಳಗೆ ಯಾರಾದರೊಬ್ಬರು ಮುಖಕ್ಕೇ ಹೇಳಿರುತ್ತಾರೆ. ನಾಲ್ಕು ಜನರಿಗೆ ಮುಖ್ಯಸ್ಥರಾದ ದಿನದಿಂದ ಅದು ಕಡಿಮೆಯಾಗುತ್ತದೆ. ನಲವತ್ತು ಜನರಿಗೆ ಮುಖ್ಯಸ್ಥರಾದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಜಾಗಕ್ಕೆ ಬರುವುದು ನಗು. ಸಾಧಾರಣ ಹಾಸ್ಯಕ್ಕೂ ಸಭೆ ನಗುತ್ತದೆ, ಅರ್ಧಂಬರ್ಧ ಯೋಚನೆಗೂ ತಲೆಗಳು ಆಡುತ್ತವೆ, ತಡವಾಗಿ ಬಂದರೂ 'ಪರವಾಗಿಲ್ಲ ಸರ್, ನಾವೂ ಈಗಲೇ ಬಂದೆವು' ಎನ್ನುತ್ತಾರೆ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಎಲ್ಲರಿಗೂ ಸಲ್ಲುವಂಥದ್ದೇ. ಆದರೆ ಬೇರೆಯವರ ಬೆನ್ನಿಗೆ ಏನಾದರೂ ಅಂಟಿಕೊಂಡರೆ ತಡೆದು ನಿಲ್ಲಿಸಿ ಹೇಳುವವರಿರುತ್ತಾರೆ. ಮುಖ್ಯಸ್ಥರ ಬೆನ್ನನ್ನು ಎಲ್ಲರೂ ನೋಡುತ್ತಾರೆ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಎದುರಿಗೆ ಬಂದಾಗ ಬೇರೆ ವಿಷಯ ತೆಗೆಯುತ್ತಾರೆ.

ಇದಕ್ಕೆ ಮದ್ದು ಎಂದು ಎಲ್ಲರೂ ಹೇಳುವುದು ಆತ್ಮಾವಲೋಕನ. ದಿನದ ಕೊನೆಗೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಇಂದು ನಾನು ಹೇಗೆ ನಡೆದುಕೊಂಡೆ ಎಂದು ಕೇಳಿಕೊಳ್ಳಿ, ನಾಳೆಗೆ ತಿದ್ದಿಕೊಳ್ಳಿ. ನಾಯಕತ್ವದ ತರಬೇತಿ ಕೊಡುವವರ ಬಾಯಲ್ಲಿ ಈ ಸಲಹೆ ಬಾರದ ದಿನವಿಲ್ಲ. ನನಗೆ ಇದರ ಮೇಲೆ ಅರ್ಧ ನಂಬಿಕೆ ಮಾತ್ರ. ಸುಮ್ಮನೆ ಕುಳಿತುಕೊಳ್ಳುವುದರಿಂದ ಕೆಟ್ಟದ್ದೇನೂ ಆಗದು. ಆದರೆ ರಾತ್ರಿ ಹತ್ತು ನಿಮಿಷ ತನ್ನೊಳಗೆ ನೋಡಿಕೊಂಡು ತಿದ್ದಿಕೊಂಡವರನ್ನು ನಾನು ಕಂಡದ್ದು ಅಪರೂಪ. ತನ್ನೊಳಗೆ ನೋಡಿಕೊಂಡು ಸಮಾಧಾನಪಟ್ಟುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಈ ಅಭ್ಯಾಸದ ಅತಿ ಹಳೆಯ ವರ್ಣನೆಗಳಲ್ಲೊಂದು ರೋಮಿನ ಸೆನೆಕಾನದು. ಕ್ರಿಸ್ತಶಕ ಒಂದನೆಯ ಶತಮಾನದ ಈತ ತತ್ವಜ್ಞಾನಿ, ನಾಟಕಕಾರ, ಮುಂದೆ ನೀರೋ ಚಕ್ರವರ್ತಿಗೆ ಗುರು ಮತ್ತು ಸಲಹೆಗಾರ. ಕೋಪದ ಬಗ್ಗೆ ಬರೆಯುತ್ತಾ ಒಂದೆಡೆ ತನ್ನ ರಾತ್ರಿಯ ರೂಢಿಯನ್ನು ಹೇಳುತ್ತಾನೆ: ದೀಪವನ್ನು ಆಚೆ ಒಯ್ದ ಮೇಲೆ, ತನ್ನ ಈ ಅಭ್ಯಾಸ ಗೊತ್ತಿರುವ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ಮುಂದಿಟ್ಟುಕೊಂಡು ವಿಚಾರಣೆ ನಡೆಸುತ್ತಾನಂತೆ. ಆಡಿದ್ದು, ಮಾಡಿದ್ದು ಯಾವುದನ್ನೂ ಮುಚ್ಚಿಟ್ಟುಕೊಳ್ಳುವುದಿಲ್ಲ. ಆಮೇಲೆ ಬರುವ ಮಾತಿನ ಸಾರ ಇದು: ಇನ್ನು ಮುಂದೆ ಹೀಗೆ ಮಾಡಬೇಡ, ಈ ಸಲ ನಿನ್ನನ್ನು ಕ್ಷಮಿಸಿದ್ದೇನೆ.

ಓದಿದರೆ ಮನಸ್ಸಿಗೆ ಹಿತವಾಗುವ ಭಾಗ ಅದು. ಆದರೆ ಅದೇ ಮನುಷ್ಯನ ಬದುಕನ್ನು ಇನ್ನಷ್ಟು ಮುಂದಕ್ಕೆ ಓದಬೇಕು. 59ರಲ್ಲಿ ನೀರೋ ತನ್ನ ತಾಯಿ ಅಗ್ರಿಪ್ಪಿನಾಳನ್ನು ಕೊಲ್ಲಿಸಿದ. ಅದನ್ನು ಸಮರ್ಥಿಸಿ ಸೆನೆಟ್‌ಗೆ ಒಂದು ಪತ್ರ ಹೋಯಿತು. ಇತಿಹಾಸಕಾರ ಟ್ಯಾಸಿಟಸ್ ಬರೆಯುವ ಪ್ರಕಾರ, ಆಗ ಜನ ಛೀಮಾರಿ ಹಾಕಿದ್ದು ನೀರೋಗಲ್ಲ, ಆ ಪತ್ರ ಬರೆದುಕೊಟ್ಟ ಸೆನೆಕಾನಿಗೆ. ಆ ದಿನ ರಾತ್ರಿ ದೀಪ ಆರಿದ ಮೇಲಿನ ವಿಚಾರಣೆ ಹೇಗೆ ನಡೆದಿರಬಹುದು ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ನಡೆಯದೆ ಇದ್ದಿರಲಾರದು, ರೂಢಿ ಬಿಡುವ ಪೈಕಿಯವನಲ್ಲ ಅವನು. ಬಹುಶಃ ರಾಜ್ಯದ ಹಿತ, ತಾನು ಜಾಗ ಬಿಟ್ಟರೆ ಇನ್ನೂ ಕೆಟ್ಟವರು ಬಂದು ಕೂರುತ್ತಾರೆಂಬ ಭಯ, ಬೇರೆ ದಾರಿಯೇ ಇರಲಿಲ್ಲವೆಂಬ ವಾದ, ಎಲ್ಲವೂ ಸಾಲಾಗಿ ಬಂದು ಸಾಕ್ಷಿ ಹೇಳಿರಬೇಕು. ದೊಡ್ಡ ಬುದ್ಧಿಯವರಿಗೆ ಇರುವ ಕಷ್ಟ ಇದೇ. ಅವರೊಳಗಿನ ವಕೀಲನೂ ಅಷ್ಟೇ ದೊಡ್ಡ ಬುದ್ಧಿಯವನಾಗಿರುತ್ತಾನೆ.

ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ಒಬ್ಬರೇ ಆದ ನ್ಯಾಯಾಲಯದಲ್ಲಿ ತೀರ್ಪು ಏನು ಬರುತ್ತದೆ ಎಂದು ಊಹಿಸಲು ಕಾನೂನು ಓದಬೇಕಿಲ್ಲ. ಆದರೂ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ: ಅಲ್ಲಿ ಸಾಕ್ಷ್ಯವೂ ಅದೇ ಕೈಯಲ್ಲಿದೆ. ಸಾಕ್ಷ್ಯ ಎಂದರೆ ನೆನಪು. ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ತಿದ್ದಿದ್ದು ನಮಗೆ ತಿಳಿಯುವುದೂ ಇಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗಿ ಬಂದರು. ಪ್ರವಾಸಕ್ಕೆ ಮುಂಚೆ ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳನ್ನು ಕೂರಿಸಿ, ನಿಕ್ಸನ್ ಮಾವೋ ಅವರನ್ನು ಭೇಟಿಯಾಗುವ ಸಾಧ್ಯತೆ ನೂರಕ್ಕೆ ಎಷ್ಟು, ಇಂಥದ್ದು ಆಗುವ ಸಾಧ್ಯತೆ ಎಷ್ಟು ಎಂದು ಬರೆಸಿಕೊಂಡರು. ಪ್ರವಾಸ ಮುಗಿದು ಕೆಲಕಾಲದ ನಂತರ ಅದೇ ವಿದ್ಯಾರ್ಥಿಗಳಿಗೆ, ನೀವು ಆಗ ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ ಎಂದರು. ನಡೆದುಹೋದ ಸಂಗತಿಗಳಿಗೆ ತಾವು ಕೊಟ್ಟಿದ್ದ ಅಂಕಿಯನ್ನು ಬಹಳಷ್ಟು ಮಂದಿ ಏರಿಸಿ ನೆನಪಿಸಿಕೊಂಡರು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಹಾಗೆಯೇ ಬರೆದಿದ್ದೆವೆಂದು ಪ್ರಾಮಾಣಿಕವಾಗಿ ನಂಬಿದ್ದರು. 1975ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಇಂಥವು ಎಷ್ಟೋ ನಡೆದಿವೆ, ಹೆಚ್ಚುಕಡಿಮೆ ಎಲ್ಲವೂ ಇದೇ ಕಡೆಗೆ ಬೆರಳು ತೋರಿಸುತ್ತವೆ.

ವಿದ್ಯಾರ್ಥಿಗೆ ಇದರಿಂದ ನಷ್ಟವೇನೂ ಇಲ್ಲ. ಮುಖ್ಯಸ್ಥರ ಸ್ಥಾನದಲ್ಲಿರುವವರಿಗೆ ಇದೆ. 'ನನಗೆ ಮೊದಲೇ ಅನ್ನಿಸಿತ್ತು' ಎಂಬ ಮಾತು ಆ ಸ್ಥಾನದಿಂದ ಬಂದಾಗ ಯಾರೂ ಎದುರಾಡುವುದಿಲ್ಲ. ವರ್ಷಗಟ್ಟಲೆ ಹೀಗೆ ನಡೆದರೆ, ತನ್ನ ಅಂದಾಜು ಎಂದೂ ತಪ್ಪಿಲ್ಲವೆಂಬ ಭಾವನೆ ಗಟ್ಟಿಯಾಗುತ್ತದೆ. ಇಪ್ಪತ್ತು ವರ್ಷದ ಅನುಭವ ಎಂದು ನಾವು ಗೌರವದಿಂದ ಕರೆಯುವುದರಲ್ಲಿ ಒಂದಿಷ್ಟು ಪಾಲು ಹೀಗೆ ತಿದ್ದಿದ ನೆನಪೇ ಆಗಿರಬಹುದು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೇವಲ್ಲ, ನನ್ನ ಅನುಮಾನ, ಎಷ್ಟೋ ಸಲ ಆಗಲೂ ಬುದ್ಧಿ ಬರುವುದಿಲ್ಲ. ಬುದ್ಧಿ ಮೊದಲೇ ಇತ್ತು ಎಂಬ ನೆನಪು ಬರುತ್ತದೆ, ಅಷ್ಟೇ.

ಹಾಗಾಗಿ ನಾನು ಹೇಳಬೇಕೆಂದಿರುವುದು ಒಂದೇ. ಆತ್ಮಾವಲೋಕನ ಆಗಬೇಕಾದದ್ದು ಫಲ ತಿಳಿದ ಮೇಲಲ್ಲ, ತಿಳಿಯುವ ಮುಂಚೆ. ಮತ್ತು ತಲೆಯೊಳಗಲ್ಲ, ಕಾಗದದ ಮೇಲೆ, ತಾರೀಕು ಹಾಕಿ. ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ತಮ್ಮ ಬಗ್ಗೆ ಹೇಳಿಕೊಂಡದ್ದೂ ಇದನ್ನೇ. ಮುಖ್ಯವಾದ ನಿರ್ಧಾರ ತೆಗೆದುಕೊಂಡಾಗಲೆಲ್ಲ ಅದರಿಂದ ಏನಾಗುತ್ತದೆಂದು ನಿರೀಕ್ಷಿಸುತ್ತೇನೋ ಅದನ್ನು ಬರೆದಿಡುವುದು, 9 ಅಥವಾ 12 ತಿಂಗಳ ನಂತರ ತೆಗೆದು ನಿಜವಾಗಿ ನಡೆದದ್ದರ ಜೊತೆ ಹೋಲಿಸುವುದು. ವರ್ಷಗಳ ಕಾಲ ಹೀಗೆ ಮಾಡಿಯೂ ಪ್ರತಿಬಾರಿ ತಮಗೆ ಆಶ್ಚರ್ಯವಾಗುತ್ತಿತ್ತು ಎಂದಿದ್ದಾರೆ ಅವರು.

ಕೇಳಲು ಒಣ ಗುಮಾಸ್ತಿಕೆಯಂತೆ ಇದೆ. ಬರೆದು ನೋಡಿದರೆ ಹಾಗನ್ನಿಸುವುದಿಲ್ಲ. ಒಂದು ಪುಟ ಹೀಗಿರಬಹುದು ಎಂದು ಇಟ್ಟುಕೊಳ್ಳಿ:

ಬುಧವಾರ. ಹೊಸ ವಿಭಾಗದ ಹೊಣೆಯನ್ನು ಇಬ್ಬರಲ್ಲಿ ಕಿರಿಯರಿಗೆ ಕೊಡುತ್ತಿದ್ದೇನೆ. ಕಾರಣ: ಹಿರಿಯರು ಕೆಲವು ತಿಂಗಳಿಂದ ಉತ್ಸಾಹ ಕಳೆದುಕೊಂಡಿದ್ದಾರೆ, ಕಿರಿಯರು ಕೇಳಿ ಕೆಲಸ ಪಡೆಯುತ್ತಿದ್ದಾರೆ. ನಿರೀಕ್ಷೆ: ಮೊದಲೆರಡು ತಿಂಗಳು ಎಡವುತ್ತಾರೆ, ನಾಲ್ಕನೆಯ ತಿಂಗಳಿಗೆ ಹಿಡಿತ ಬರುತ್ತದೆ. ಹಿರಿಯರು ಒಂದು ವಾರ ಮುನಿಸಿಕೊಂಡಿರುತ್ತಾರೆ, ಆಮೇಲೆ ಸರಿಹೋಗುತ್ತಾರೆ. ನಂಬಿಕೆ: ಹತ್ತಕ್ಕೆ ಏಳು. ಗೊತ್ತಿಲ್ಲದ್ದು: ಹಿರಿಯರ ಜೊತೆ ಇದನ್ನು ಮಾತಾಡಿಲ್ಲ. ನನ್ನ ಸ್ಥಿತಿ: ಮಧ್ಯಾಹ್ನ ಊಟವಾಗಿಲ್ಲ, ಬೆಳಗಿನ ಸಭೆಯ ಕಿರಿಕಿರಿ ಇನ್ನೂ ಇದೆ.

ಎಂಟು ಸಾಲು. ಇದರಲ್ಲಿ ಮೊದಲ ಮೂರು ಸಾಲನ್ನು ಯಾರು ಬೇಕಾದರೂ ಬರೆಯುತ್ತಾರೆ. ಯಾವ ಕಚೇರಿಯ ಟಿಪ್ಪಣಿಯಲ್ಲೂ ಅವು ಇರುತ್ತವೆ. ಕೆಲಸ ಮಾಡುವುದು ಕೊನೆಯ ಸಾಲುಗಳು. 'ಗೊತ್ತಿಲ್ಲದ್ದು' ಎಂದು ಬರೆದು ಮುಂದೆ ಏನು ಬರೆಯಲಿ ಎಂದು ಪೆನ್ನು ನಿಂತಾಗಲೇ, ಹಿರಿಯರ ಜೊತೆ ಒಂದು ಮಾತೂ ಆಡದೆ ಅವರ ಉತ್ಸಾಹದ ಬಗ್ಗೆ ತೀರ್ಪು ಕೊಟ್ಟಿದ್ದೇವೆ ಎಂಬುದು ಕಣ್ಣಿಗೆ ಬೀಳುತ್ತದೆ. ಪುಸ್ತಕ ಮುಚ್ಚಿ ಎದ್ದು ಹೋಗಿ ಅವರನ್ನು ಮಾತಾಡಿಸಿ ಬರುವುದೇ ಆಗ ಸರಿಯಾದ ಕೆಲಸ. ಊಟವಾಗಿಲ್ಲ ಎಂಬ ಸಾಲೂ ಹಾಗೆಯೇ. ಬೇರೆಯವರು ಹೇಳಿದರೆ ಸಿಟ್ಟು ಬರುವ ಮಾತು ಅದು. ತನ್ನ ಕೈಯಿಂದಲೇ ಬರೆದಾಗ ನಿರ್ಧಾರವನ್ನು ನಾಳೆಗೆ ತಳ್ಳಲು ಸಾಕಾಗುತ್ತದೆ.

ಇನ್ನು ಆರೇಳು ತಿಂಗಳಾದ ಮೇಲೆ. ಆ ಹಿರಿಯರು ಕೆಲಸ ಬಿಟ್ಟು ಹೋಗಿದ್ದಾರೆ ಎಂದುಕೊಳ್ಳಿ. ಪುಸ್ತಕವಿಲ್ಲದಿದ್ದರೆ ನೆನಪು ಏನು ಹೇಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ಅವರು ಹೇಗೂ ಹೋಗುವವರೇ ಇದ್ದರು, ನನಗೆ ಆಗಲೇ ಗೊತ್ತಿತ್ತು, ಅದಕ್ಕೇ ಕಿರಿಯರನ್ನು ತಂದದ್ದು. ಮೂರೂ ಸುಳ್ಳು, ಮೂರೂ ಪ್ರಾಮಾಣಿಕ. ಪುಟ ತೆಗೆದರೆ 'ಒಂದು ವಾರ ಮುನಿಸು' ಎಂದಿದೆ. ಅದರ ಜೊತೆ ವಾದ ಮಾಡಲು ಬರುವುದಿಲ್ಲ, ಅಕ್ಷರ ನಮ್ಮದೇ.

ಇಂಥ ಪುಸ್ತಕ ಇಟ್ಟುಕೊಂಡವರಿಗೆ ಸಿಗುವ ಇನ್ನೊಂದು ಲಾಭದ ಬಗ್ಗೆ ಮಾತಾಡುವವರು ಕಡಿಮೆ. ಫಲ ಕೆಟ್ಟಿತೆಂದ ಮಾತ್ರಕ್ಕೆ ನಿರ್ಧಾರ ಕೆಟ್ಟದ್ದಾಗಿರಬೇಕಿಲ್ಲ. ಫಲ ಒಳ್ಳೆಯದಾಯಿತೆಂದರೆ ನಿರ್ಧಾರ ಒಳ್ಳೆಯದಾಗಿತ್ತೆಂದೂ ಅಲ್ಲ. ಅದೃಷ್ಟ ಎಂಬುದೊಂದಿದೆ. ಸೋತಾಗ ಅದೃಷ್ಟವನ್ನು ದೂರಲು ನಮಗೆ ಯಾರೂ ಕಲಿಸಬೇಕಿಲ್ಲ, ಗೆದ್ದಾಗ ಅದರ ಪಾಲನ್ನು ಲೆಕ್ಕ ಹಾಕಿ ಕೊಡುವವರು ವಿರಳ. ಆರು ಕಾರಣ ಕೊಟ್ಟು ತೆಗೆದುಕೊಂಡ ನಿರ್ಧಾರ ಏಳನೆಯ ಕಾರಣದಿಂದ ಗೆದ್ದಿತು ಎಂಬುದು ಪುಟದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಸಂಸ್ಥೆಗಳು ಅತಿ ಹೆಚ್ಚು ಹಾಳಾಗುವುದು ಹೀಗೆ ಗೆದ್ದದ್ದನ್ನು ಮತ್ತೆ ಮತ್ತೆ ಮಾಡಲು ಹೋಗಿ ಎಂಬುದು ನನ್ನ ಖಾಸಗಿ ನಂಬಿಕೆ. ಇದಕ್ಕೆ ನನ್ನ ಬಳಿ ಅಂಕಿಅಂಶವಿಲ್ಲ, ಕಣ್ಣಾರೆ ಕಂಡದ್ದಷ್ಟೇ ಇದೆ.

ಫಲಕ್ಕೆ ಮುಂಚೆ ಬರೆಯುವುದರ ಅತಿ ಕಠಿಣ ರೂಪವೊಂದು ಎರಡನೆಯ ಮಹಾಯುದ್ಧದಲ್ಲಿ ಸಿಗುತ್ತದೆ. 1944ರ ಜೂನ್ 5. ಮರುದಿನ ಬೆಳಗ್ಗೆ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿಯಬೇಕು. ಕೆಟ್ಟ ಹವಾಮಾನದಿಂದಾಗಿ ಒಂದು ದಿನ ಮುಂದೂಡಿಯಾಗಿದೆ. ನಡುವೆ ಸ್ವಲ್ಪ ಹೊತ್ತು ಗಾಳಿಮಳೆ ತಗ್ಗಬಹುದೆಂಬ ಹವಾಮಾನ ತಜ್ಞರ ಮಾತನ್ನು ನಂಬಿ ಸೇನಾಧಿಪತಿ ಐಸೆನ್‌ಹೋವರ್ ಹೊರಡಲು ಆಜ್ಞೆ ಕೊಟ್ಟಿದ್ದಾರೆ. ಆ ದಿನ ಅವರು ಪೆನ್ಸಿಲ್ ಹಿಡಿದು ಸಣ್ಣ ಕಾಗದದ ಮೇಲೆ ಒಂದು ಪ್ರಕಟಣೆ ಬರೆದರು. ದಾಳಿ ವಿಫಲವಾದರೆ ಹೊರಡಿಸಬೇಕಾದದ್ದು. ನನ್ನ ಕೈಯಲ್ಲಿದ್ದ ಅತ್ಯುತ್ತಮ ಮಾಹಿತಿಯ ಆಧಾರದ ಮೇಲೆ ಈ ಸ್ಥಳ, ಈ ಸಮಯ ಆರಿಸಿದೆ. ಸೈನಿಕರು ಶೌರ್ಯದಿಂದ ಮಾಡಬಹುದಾದದ್ದನ್ನೆಲ್ಲ ಮಾಡಿದರು. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ. ಇಷ್ಟು. ಒತ್ತಡ ಎಷ್ಟಿತ್ತೆಂದರೆ ತಾರೀಕನ್ನು ಜುಲೈ 5 ಎಂದು ತಪ್ಪಾಗಿ ಹಾಕಿದ್ದಾರೆ. ಆ ಕಾಗದದಲ್ಲಿ ಒಂದು ತಿದ್ದುಪಡಿಯೂ ಇದೆ. ಪಡೆಗಳನ್ನು ಹಿಂತೆಗೆದುಕೊಳ್ಳಲಾಗಿದೆ ಎಂಬ ಅರ್ಥ ಬರುವಂತೆ ಮೊದಲು ಬರೆದಿದ್ದವರು ಅದನ್ನು ಹೊಡೆದುಹಾಕಿ, ನಾನು ಹಿಂತೆಗೆದುಕೊಂಡಿದ್ದೇನೆ ಎಂದು ಮಾಡಿದ್ದಾರೆ. 'ಲಾಗಿದೆ' 'ಲಾಗುವುದು' ಎಂದು ಮುಗಿಯುವ ಸುತ್ತೋಲೆಗಳನ್ನು ಓದಿ ಬೆಳೆದ ನಮಗೆ ಈ ಒಂದು ಗೀಟಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆ ಪ್ರಕಟಣೆ ಬೇಕಾಗಲಿಲ್ಲ. ಆದರೂ ಬರೆದದ್ದರಿಂದ ಒಂದು ಕೆಲಸ ಆಗಿಹೋಗಿತ್ತು: ಸೋತರೆ ಯಾರ ತಲೆಗೆ ಕಟ್ಟಬೇಕು ಎಂಬ ಹುಡುಕಾಟಕ್ಕೆ ಅವಕಾಶವೇ ಉಳಿದಿರಲಿಲ್ಲ. ಹವಾಮಾನ ತಜ್ಞರ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ.

ಇನ್ನು ಕೋಪ. ತನ್ನನ್ನು ತಾನು ಆಳಿಕೊಳ್ಳುವುದು ಎಂದರೆ ಸಿಟ್ಟು ಬಾರದಂತೆ ಮನಸ್ಸನ್ನು ಪಳಗಿಸುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಸಾಧುಗಳಿಗೆ ಬಿಟ್ಟದ್ದು. ಹತ್ತಾರು ಜನರ ಕೆಲಸಕ್ಕೆ ಜವಾಬ್ದಾರರಾದವರಿಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಬೇಜವಾಬ್ದಾರಿಯಿಂದ ಬೇರೆಯವರಿಗೆ ತೊಂದರೆಯಾದಾಗಲೂ ಸಿಟ್ಟು ಬಾರದವರ ಕೈಕೆಳಗೆ ಕೆಲಸ ಮಾಡುವುದು ದೊಡ್ಡ ಹಿಂಸೆ. ಪ್ರಶ್ನೆ ಇರುವುದು ಸಿಟ್ಟು ಬಂದ ಮೇಲಿನ ಮೊದಲ ಒಂದು ದಿನದ್ದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂದು ಕೇಳುತ್ತದೆ ಗಾದೆ. ಮೂಗು ಕೊಯ್ಯುವ ಸಾಧನ ಈಗ ಎಲ್ಲರ ಜೇಬಿನಲ್ಲಿದೆ, ರಾತ್ರಿ ಹನ್ನೊಂದಕ್ಕೂ ಹೊಳೆಯುತ್ತದೆ.

ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ ಮೊದಲ ವಾರ, ಗೆಟಿಸ್‌ಬರ್ಗ್‌ನಲ್ಲಿ ಉತ್ತರದ ಸೇನೆ ಗೆದ್ದಿತು. ಆದರೆ ಸೋತು ಹಿಂದೆ ಸರಿಯುತ್ತಿದ್ದ ಜನರಲ್ ಲೀಯ ಪಡೆಯನ್ನು ಜನರಲ್ ಮೀಡ್ ಬೆನ್ನಟ್ಟಿ ಮುಗಿಸಲಿಲ್ಲ, ಅದು ಪೊಟೋಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡಿತು. ಯುದ್ಧ ಅಲ್ಲಿಗೇ ಮುಗಿಯಬಹುದಿತ್ತು ಎಂದು ಅಧ್ಯಕ್ಷ ಲಿಂಕನ್ ಕುದಿದರು. ಅವರ ಅಸಮಾಧಾನ ಕಿವಿಗೆ ಬಿದ್ದು ಮೀಡ್ ತಮ್ಮನ್ನು ಹುದ್ದೆಯಿಂದ ಬಿಡುಗಡೆ ಮಾಡಿ ಎಂದು ತಂತಿ ಕಳುಹಿಸಿದರು. ಜುಲೈ 14ರಂದು ಲಿಂಕನ್ ಉತ್ತರ ಬರೆಯಲು ಕುಳಿತರು. ಗೆಲುವಿಗೆ ಕೃತಜ್ಞತೆಯಿಂದ ಶುರುವಾಗುವ ಪತ್ರ ಹೋಗುತ್ತಾ ಹೋಗುತ್ತಾ ಕಾವೇರುತ್ತದೆ; ನಿಮ್ಮ ಸುವರ್ಣಾವಕಾಶ ಕೈತಪ್ಪಿತು, ಅದರಿಂದ ನನಗಾಗಿರುವ ಸಂಕಟ ಅಳೆಯಲಾಗದ್ದು ಎನ್ನುವಲ್ಲಿಗೆ ಮುಟ್ಟುತ್ತದೆ. ಬರೆದು ಮುಗಿಸಿ ಲಕೋಟೆಯಲ್ಲಿಟ್ಟರು. ಲಕೋಟೆಯ ಮೇಲೆ ಅವರದೇ ಅಕ್ಷರದಲ್ಲಿರುವುದು ಇಷ್ಟು: ಜನರಲ್ ಮೀಡ್‌ಗೆ, ಕಳುಹಿಸಿಲ್ಲ, ಸಹಿ ಮಾಡಿಲ್ಲ. ಮೀಡ್ ಯುದ್ಧ ಮುಗಿಯುವವರೆಗೂ ಆ ಸೇನೆಯ ಮುಖ್ಯಸ್ಥರಾಗಿಯೇ ಉಳಿದರು.

ಲಿಂಕನ್ ಸಿಟ್ಟನ್ನು ನುಂಗಿಕೊಂಡರು ಎಂದು ಈ ಕಥೆಯನ್ನು ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ನುಂಗಿಕೊಂಡಿದ್ದರೆ ಪತ್ರವೇ ಇರುತ್ತಿರಲಿಲ್ಲ. ಅವರು ಪೂರ್ತಿ ಬರೆದರು, ತಮ್ಮ ವಾದ ಎಷ್ಟು ಗಟ್ಟಿ ಎಂದು ತಾವೇ ಓದಿದರು, ಇದನ್ನು ಕಳುಹಿಸಿದರೆ ಮೀಡ್ ಹೋಗುತ್ತಾರೆ, ಹೋದರೆ ಆ ಜಾಗಕ್ಕೆ ಯಾರು ಎಂಬಲ್ಲಿಗೆ ಬಂದಿರಬೇಕು. ಗೆದ್ದ ಸೇನಾಪತಿಯನ್ನು ಗೆದ್ದ ಎರಡು ವಾರದೊಳಗೇ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಬರೆಯುವುದಕ್ಕೂ ಕಳುಹಿಸುವುದಕ್ಕೂ ನಡುವಿನ ಅಂತರದಲ್ಲಿ ಆಗುವ ಈ ಲೆಕ್ಕಾಚಾರವನ್ನೇ ನಾನು ಆತ್ಮನಿರ್ವಹಣೆ ಎಂದು ಕರೆಯುವುದು. ನಮ್ಮ ಕಾಲದಲ್ಲಿ ಆ ಅಂತರ ತಾನಾಗಿ ಸಿಗುವುದಿಲ್ಲ, ಏರ್ಪಾಡು ಮಾಡಿಕೊಳ್ಳಬೇಕು. ಕಟುವಾದದ್ದನ್ನು ಮೇಲ್‌ನಲ್ಲಿ ಬರೆಯದೆ ಬೇರೆ ಕಡೆ ಬರೆಯುವುದು, ವಿಳಾಸದ ಜಾಗವನ್ನು ಖಾಲಿ ಬಿಡುವುದು, ಸಂಜೆಯ ನಂತರ ಯಾರ ಬಗ್ಗೆಯೂ ಲಿಖಿತ ತೀರ್ಪು ಕೊಡದಿರುವುದು. ಮನಸ್ಸಿನ ಬಲದ ಮೇಲೆ ಭರವಸೆ ಇಡುವುದಕ್ಕಿಂತ ಖಾಲಿ ಬಿಟ್ಟ ವಿಳಾಸದ ಮೇಲೆ ಇಡುವುದು ಮೇಲು.

ಸಂಜೆಯ ನಂತರ ಎಂದು ಸುಮ್ಮನೆ ಹೇಳಲಿಲ್ಲ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು ನಿದ್ದೆಗೆಟ್ಟವರನ್ನೂ ಮದ್ಯ ಕುಡಿದವರನ್ನೂ ಒಂದೇ ಪರೀಕ್ಷೆಗೆ ಕೂರಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈ ಹೊಂದಾಣಿಕೆ ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಅನೇಕ ದೇಶಗಳಲ್ಲಿ ಅಷ್ಟು ಕುಡಿದು ವಾಹನ ಓಡಿಸಿದರೆ ಅಪರಾಧ. ಬೆಳಗ್ಗೆ ಆರಕ್ಕೆ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ 17 ಗಂಟೆಯಾಗುತ್ತದೆ. ಕುಡಿದು ಬಂದು ಸಹೋದ್ಯೋಗಿಯ ಭವಿಷ್ಯದ ಬಗ್ಗೆ ಬರೆಯುವವರನ್ನು ನಾವು ಕ್ಷಮಿಸುವುದಿಲ್ಲ. ನಿದ್ದೆಗೆಟ್ಟು ಬರೆಯುವವರನ್ನು ಶ್ರಮಜೀವಿ ಎಂದು ಹೊಗಳುತ್ತೇವೆ. ಬೆಳಗಿನ ನಾಲ್ಕಕ್ಕೇ ಏಳುವ ನಾಯಕರ ಕಥೆಗಳನ್ನು ಹಂಚುವವರು ಅವರು ಎಷ್ಟಕ್ಕೆ ಮಲಗುತ್ತಾರೆ ಎಂಬುದನ್ನೂ ಜೊತೆಗೆ ಹೇಳಿದರೆ ಉಪಕಾರವಾದೀತು.

ಯೋಚಿಸಲು ಸಮಯವಿಲ್ಲ ಎಂಬ ದೂರು ಇದ್ದೇ ಇದೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ. 2014ರಲ್ಲಿ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಗಳ ಜೊತೆಗಷ್ಟೇ ಬಿಟ್ಟರು. ಜೊತೆಗಿದ್ದದ್ದು ಒತ್ತಿದರೆ ವಿದ್ಯುತ್ ಆಘಾತ ಕೊಡುವ ಒಂದು ಗುಂಡಿ. ಅದರ ರುಚಿ ಅವರಿಗೆ ಮೊದಲೇ ತೋರಿಸಲಾಗಿತ್ತು, ಅದನ್ನು ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದಿದ್ದರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಕನಿಷ್ಠ ಒಂದು ಬಾರಿ ಗುಂಡಿ ಒತ್ತಿಕೊಂಡರು. ಬಿಡುವಿಲ್ಲ ಎನ್ನುವ ನಮ್ಮಲ್ಲಿ ಬಹಳ ಜನ ಬಿಡುವು ಸಿಕ್ಕ ಕೂಡಲೇ ಹೀಗೆ ಏನಾದರೊಂದನ್ನು ಒತ್ತುವವರು. ಸಭೆ ಕರೆಯುವುದೂ ಹಲವರಿಗೆ ಅಂಥದ್ದೊಂದು ಗುಂಡಿ. ಪುಸ್ತಕ, ಪೆನ್ನು ಇದ್ದರೆ ಆ 15 ನಿಮಿಷ ಅಷ್ಟು ದುಸ್ತರವಾಗುವುದಿಲ್ಲ, ಕೈಗೆ ಕೆಲಸವಿರುತ್ತದೆ. ಖಾಲಿ ಕೂತು ಹಿಂದಿನದನ್ನೇ ಮೆಲುಕು ಹಾಕುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ.

ಇಷ್ಟೆಲ್ಲ ಮಾಡಿಯೂ ಒಬ್ಬರ ಕಣ್ಣಿಗೆ ಕಾಣುವುದು ಒಂದು ಮಗ್ಗುಲು. ಉಳಿದದ್ದನ್ನು ಬೇರೆಯವರೇ ಹೇಳಬೇಕು, ಅವರು ಹೇಳುವುದಿಲ್ಲ ಎಂಬುದೇ ಮೊದಲ ಸಮಸ್ಯೆಯಾಗಿತ್ತು. ಇಲ್ಲಿಗೆ ಅಮೆರಿಕದ ಅಧ್ಯಕ್ಷ ಕೆನಡಿಯ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. 1961ರ ಏಪ್ರಿಲ್‌ನಲ್ಲಿ ಅಮೆರಿಕ ತರಬೇತಿ ಕೊಟ್ಟ ಸುಮಾರು 1,400 ಮಂದಿ ಕ್ಯೂಬಾದ ಸರ್ಕಾರವನ್ನು ಉರುಳಿಸಲೆಂದು ಅಲ್ಲಿನ ಬೇ ಆಫ್ ಪಿಗ್ಸ್ ತೀರದಲ್ಲಿ ಇಳಿದು ಕೆಲವೇ ದಿನಗಳಲ್ಲಿ ಸೋತರು. ಸಲಹೆಗಾರರಲ್ಲಿ ಅನುಮಾನ ಇದ್ದವರಿಗೇನೂ ಕೊರತೆಯಿರಲಿಲ್ಲ. ಆರ್ಥರ್ ಶ್ಲೆಸಿಂಜರ್ ತಮ್ಮ ಆಕ್ಷೇಪವನ್ನು ಅಧ್ಯಕ್ಷರಿಗೆ ಟಿಪ್ಪಣಿಯಲ್ಲಿ ಬರೆದುಕೊಟ್ಟಿದ್ದರು, ಆದರೆ ಎಲ್ಲರೂ ಕುಳಿತ ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಆ ಮೌನಕ್ಕಾಗಿ ಮುಂದೆ ತಮ್ಮನ್ನು ತಾವೇ ಹಳಿದುಕೊಂಡರು. ಮರುವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ, ಅದೇ ಅಧ್ಯಕ್ಷರು, ಸಲಹೆಗಾರರಲ್ಲೂ ಅನೇಕರು ಹಿಂದಿನವರೇ. ಈ ಬಾರಿ ಕೆನಡಿ ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ. ತಾವು ಕುಳಿತಿದ್ದರೆ ಎಲ್ಲರೂ ತಮ್ಮ ಮುಖ ನೋಡಿ ಮಾತಾಡುತ್ತಾರೆ ಎಂಬುದು ಅವರಿಗೆ ಅರ್ಥವಾಗಿತ್ತು.

ಗಮನಿಸಿ, ಕೆನಡಿ 'ಧೈರ್ಯವಾಗಿ ಮಾತಾಡಿ' ಎಂದು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಕುರ್ಚಿ ಖಾಲಿ ಬಿಟ್ಟರು. ನನ್ನ ಬಾಗಿಲು ಸದಾ ತೆರೆದಿದೆ ಎನ್ನುವ ಮುಖ್ಯಸ್ಥರ ಬಾಗಿಲ ಬಳಿ ಯಾರೂ ಸುಳಿಯದಿರುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು. ಒಂದು ಸಾಮಾನ್ಯ ಸಭೆಯನ್ನು ಹತ್ತಿರದಿಂದ ನೋಡಿ. ಮುಖ್ಯಸ್ಥರು ಆರಂಭದಲ್ಲೇ, ನನಗನ್ನಿಸುವುದು ಹೀಗೆ, ಆದರೆ ನೀವು ಮುಕ್ತವಾಗಿ ಹೇಳಿ ಎನ್ನುತ್ತಾರೆ. ಎಡಗಡೆಯವರು ಡೈರಿಯಲ್ಲಿ ಬರೆದುಕೊಂಡು ಬಂದಿದ್ದ ಒಂದು ಸಾಲನ್ನು ಪೆನ್ನಿನಿಂದ ಮೆಲ್ಲಗೆ ಹೊಡೆಯುತ್ತಾರೆ. ಎದುರಿನವರು ಮುಖ್ಯಸ್ಥರ ಮಾತನ್ನೇ ಸ್ವಲ್ಪ ಬೇರೆ ಪದಗಳಲ್ಲಿ ಹೇಳಿ 'ಒಂದೇ ಒಂದು ಸಣ್ಣ ಸೇರ್ಪಡೆ' ಎನ್ನುತ್ತಾರೆ. ಅತ್ಯಂತ ಕಿರಿಯರು, ಈ ಕೆಲಸವನ್ನು ಸ್ವತಃ ಮಾಡಬೇಕಾದವರು, ಕೊನೆಯಲ್ಲಿ ಕೂತಿದ್ದಾರೆ. ಅವರ ಸರದಿ ಬರುವಷ್ಟರಲ್ಲಿ ಗಂಟೆಯಾಗಿದೆ. ಸರ್ವಾನುಮತದಿಂದ ಒಪ್ಪಲಾಯಿತು ಎಂದು ನಡಾವಳಿಯಲ್ಲಿ ದಾಖಲಾಗುತ್ತದೆ. ಮುಖ್ಯಸ್ಥರು ಆ ರಾತ್ರಿ ಎಷ್ಟೇ ಪ್ರಾಮಾಣಿಕವಾಗಿ ಆತ್ಮಾವಲೋಕನ ಮಾಡಿಕೊಂಡರೂ ಆ ಹೊಡೆದುಹಾಕಿದ ಸಾಲು ಅವರಿಗೆ ಸಿಗುವುದಿಲ್ಲ. ಕಿರಿಯರಿಂದ ಶುರುಮಾಡಿ ತಾವು ಕೊನೆಗೆ ಮಾತಾಡಿದ್ದರೆ ಅದು ಉಚಿತವಾಗಿ ಸಿಗುತ್ತಿತ್ತು.

ಕೆಲವು ವಿಧಾನಗಳು ಇದನ್ನೇ ಪದ್ಧತಿಯಾಗಿ ಕಟ್ಟಿಕೊಂಡಿವೆ. ಅಮೆರಿಕದ ಸೇನೆ 1970ರ ದಶಕದಿಂದ ತರಬೇತಿಯ ನಂತರ ನಡೆಸುವ ಪರಾಮರ್ಶೆಯಲ್ಲಿ ಏನಾಗಬೇಕಿತ್ತು, ಏನಾಯಿತು, ಏಕೆ, ಮುಂದಿನ ಸಲ ಏನು ಮಾಡೋಣ ಎಂದು ಸಿಪಾಯಿಯಿಂದ ಅಧಿಕಾರಿಯವರೆಗೆ ಎಲ್ಲರೂ ಕೂತು ಮಾತಾಡುತ್ತಾರೆ. ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿಯದು ಇದಕ್ಕೆ ತಿರುಗುಮುರುಗಾದ ದಾರಿ. ಕೆಲಸ ಶುರುವಾಗುವ ಮುನ್ನವೇ, ಇದು ಹೀನಾಯವಾಗಿ ಸೋತಿದೆ ಎಂದು ಎಲ್ಲರೂ ಕಲ್ಪಿಸಿಕೊಂಡು, ಏಕೆ ಸೋತಿತು ಎಂದು ತಮ್ಮತಮ್ಮ ಕಾಗದದಲ್ಲಿ ಬರೆಯಬೇಕು. ಹೀಗಾದಾಗ ಅನುಮಾನ ಹೇಳುವುದು ಧೈರ್ಯದ ಕೆಲಸವಾಗಿ ಉಳಿಯುವುದಿಲ್ಲ, ಒಪ್ಪಿಸಿದ ಕೆಲಸವಾಗುತ್ತದೆ. ಎರಡರಲ್ಲಿ ನನಗೆ ಈ ಎರಡನೆಯದೇ ಇಷ್ಟ.

ಹೀಗೆಲ್ಲ ಅನುಮಾನಪಡುತ್ತಾ ಕುಳಿತರೆ ಮುಖ್ಯಸ್ಥರು ನಿರ್ಧಾರ ತೆಗೆದುಕೊಳ್ಳುವುದು ಯಾವಾಗ ಎಂದು ಕೇಳಬಹುದು. ದಿನದ ನಿರ್ಧಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ಇದ್ಯಾವುದೂ ಬೇಡ. ತಪ್ಪಾದರೆ ನಾಳೆ ಬದಲಾಯಿಸಬಹುದಾದ್ದನ್ನು ನಿಂತಲ್ಲೇ ಮುಗಿಸಬೇಕು. ಪುಸ್ತಕ ತೆರೆಯಬೇಕಾದದ್ದು ಜನರ ಬಗ್ಗೆ ನಿರ್ಧರಿಸುವಾಗ, ಹಿಂದಿರುಗಿ ಬರಲು ದಾರಿಯಿಲ್ಲದ ಕಡೆ ಹೆಜ್ಜೆಯಿಡುವಾಗ, ಮತ್ತು ನನ್ನ ಲೆಕ್ಕದಲ್ಲಿ, ಯಾರೂ ವಿರೋಧಿಸದಿದ್ದಾಗ.

ಕೊನೆಗೆ ಉಳಿಯುವ ಒಂದು ಪ್ರಶ್ನೆ, ಹುದ್ದೆ ಬಿಡುವಾಗ ಈ ಪುಸ್ತಕವನ್ನೇನು ಮಾಡುವುದು ಎಂಬುದು. ಅಧಿಕಾರ ಹಸ್ತಾಂತರದಲ್ಲಿ ಬೀಗದ ಕೈ, ಕಡತ, ಪಾಸ್‌ವರ್ಡ್ ಎಲ್ಲ ಹೋಗುತ್ತವೆ, ಕಾರಣಗಳು ಹೋಗುವುದಿಲ್ಲ. ಹೊಸಬರು ಬಂದು, ಇದನ್ನು ಹೀಗೆ ಯಾಕೆ ಇಟ್ಟಿದ್ದಾರೋ ಎಂದುಕೊಂಡು ತೆಗೆದುಹಾಕುತ್ತಾರೆ. ಅದನ್ನು ಹಾಗಿಟ್ಟದ್ದರ ಹಿಂದಿನ ಅಪಾಯ ಕೆಲಕಾಲದ ನಂತರ ಅವರ ಬಾಗಿಲಿಗೆ ಬರುತ್ತದೆ. ಮುಂದೆ ಬರುವವರಿಗೆ ಕಾರಣ, ನಿರೀಕ್ಷೆ, ಗೊತ್ತಿರದಿದ್ದದ್ದು, ಈ ಮೂರನ್ನೂ ನಕಲು ಮಾಡಿ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಅಂದಾಜು ತಪ್ಪಿದ ಪುಟಗಳನ್ನೂ ಸೇರಿಸಿ. ಜನರ ಬಗ್ಗೆ ಬರೆದದ್ದನ್ನು ಮಾತ್ರ ಕೊಡಬಾರದು. ಆ ಹಿರಿಯರು ಉತ್ಸಾಹ ಕಳೆದುಕೊಂಡಿದ್ದಾರೆ ಎಂಬುದು ಒಬ್ಬರ ಒಂದು ಬುಧವಾರದ ಅಂದಾಜು. ಹೊಸಬರು ಅವರನ್ನು ತಮ್ಮ ಕಣ್ಣಿನಿಂದಲೇ ನೋಡಲಿ.